ಮುಗಿಲೆತ್ತರದ ಮೂರ್ತಿಗಳು ಮತ್ತು ಬೊಪ್ಪಣನ ಅಳತೆಗೋಲು

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ, ಗೊಮ್ಮಟೇಶ್ವರನ ಸನ್ನಿಧಿಯಲ್ಲಿ, ಕ್ರಿ.ಶ. 1180ರ ಸುಮಾರಿನ ಒಂದು ಕನ್ನಡ ಶಾಸನವಿದೆ. ಅದನ್ನು ರಚಿಸಿದವನು ಸುಜನೋತ್ತಂಸನೆಂಬ ಬಿರುದಿನ ಬೊಪ್ಪಣ ಪಂಡಿತ. ಆ ಶಾಸನದಲ್ಲಿ ಕವಿ ಒಂದು ಮಾತನ್ನು ಹೇಳಿದ್ದಾನೆ. ಅದರ ಭಾವ ಇಷ್ಟು: ಮೂರ್ತಿಯು ಬಹಳ ಎತ್ತರವಾದರೆ ಅದರಲ್ಲಿ ಚೆಲುವು ನಿಲ್ಲುವುದು ಕಷ್ಟ, ಎತ್ತರವೂ ಚೆಲುವೂ ಕೂಡಿಬಂದರೂ ಅತಿಶಯ, ಅಂದರೆ ಅಲೌಕಿಕವಾದ ಮಹಿಮೆ, ಇದ್ದೇ ತೀರಬೇಕೆಂಬ ನಿಯಮವಿಲ್ಲ, ಗೊಮ್ಮಟನಲ್ಲಿ ಮಾತ್ರ ಈ ಮೂರೂ ಒಂದಾಗಿವೆ. ಎಂಟುನೂರು ವರ್ಷಗಳಿಗೂ ಹಿಂದೆ, ಜಗತ್ತಿನ ಅತ್ಯುನ್ನತ ಪ್ರತಿಮೆ ಯಾವುದೆಂಬ ಪೈಪೋಟಿಯ ಸುಳಿವೇ ಇಲ್ಲದ ಕಾಲದಲ್ಲಿ, ನಮ್ಮ ನಾಡಿನ ಕವಿಯೊಬ್ಬನು ಎತ್ತರವನ್ನು ಮೂರು ಗುಣಗಳಲ್ಲಿ ಮೊದಲನೆಯದೆಂದಷ್ಟೇ ಎಣಿಸಿದ್ದನು. ತತ್ತ್ವವಿಚಾರದಲ್ಲಿ ನಮಗೂ ಜೈನರಿಗೂ ಇರುವ ಭೇದ ಇದ್ದೇ ಇದೆ. ಆದರೂ ಈ ವಿವೇಕಕ್ಕೆ ತಲೆದೂಗಲು ಅದೇನೂ ಅಡ್ಡಿಯಾಗಬೇಕಾಗಿಲ್ಲ.

ಎತ್ತರವೆಂಬುದು ಸರಳವಾದ ಸಂಗತಿ, ಅಳೆದರೆ ಮುಗಿಯಿತು ಎಂದು ತೋರುತ್ತದೆ. ಹಾಗಿಲ್ಲ. ಗೊಮ್ಮಟನ ಎತ್ತರವನ್ನು ಬುಕನನ್ 70 ಅಡಿ 3 ಅಂಗುಲವೆಂದು ಬರೆದನು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯು 60 ಅಡಿ 3 ಅಂಗುಲವೆಂದನು. ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದ ಬೌರಿಂಗ್ ಸರಿಯಾಗಿ ಅಳತೆ ಮಾಡಿಸಿದಾಗ ದೊರೆತದ್ದು 57 ಅಡಿ. ಈಚಿನ ಪುಸ್ತಕಗಳು ಸಾಮಾನ್ಯವಾಗಿ 58 ಅಡಿಯೆನ್ನುತ್ತವೆ. ಗಂಗರ ರಾಚಮಲ್ಲನ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಮಾಡಿಸಿದನೆಂದು ಪಾದದ ಬಳಿಯ ಬರಹಗಳು ಕನ್ನಡ, ತಮಿಳು ಮತ್ತು ಮರಾಠಿ ಭಾಷೆಗಳಲ್ಲಿ ಸಾರುತ್ತವೆ. ಆ ಮರಾಠಿ ಸಾಲು ಆ ಭಾಷೆಯ ಅತಿ ಹಳೆಯ ಶಾಸನಗಳಲ್ಲೊಂದು ಎಂಬುದು ವಿದ್ವಾಂಸರ ಮತ. ಕನ್ನಡಿಗರು ಮರಾಠಿಯ ನಡುವೆ ಬಾಳುವ ಈ ಮಹಾರಾಷ್ಟ್ರದಲ್ಲಿ ನಮ್ಮ ನೆರೆಯವರಿಗೆ ಅಭಿಮಾನದಿಂದ ಹೇಳಬಹುದಾದ ಸಂಗತಿಯಿದು.

ಬೆಟ್ಟದ ತುದಿಯ ಬಂಡೆಯನ್ನೇ ಕಡೆದು ತೆಗೆದ ಈ ಮೂರ್ತಿಗೆ ಗಾರೆಯಿಲ್ಲ, ಕಬ್ಬಿಣದ ಹಂದರವಿಲ್ಲ. ತೊಡೆಯಿಂದ ಮೇಲಕ್ಕೆ ಹಿಂದೆ ಯಾವ ಆಸರೆಯೂ ಇಲ್ಲ. ಶಿಲ್ಪಿಗೆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವೇ ಇರಲಿಲ್ಲ; ಒಮ್ಮೆ ಚಕ್ಕೆಯೆದ್ದ ಕಲ್ಲು ಮತ್ತೆ ಕೂಡುವುದಿಲ್ಲ. ಹೀಗಿದ್ದೂ ಆ ಮುಖದ ಕಿರುನಗೆ ಕೆಳಗೆ ನಿಂತು ನೋಡುವವನಿಗೆ ನಿಚ್ಚಳವಾಗಿ ಕಾಣುವಂತಿದೆ. ಬೊಪ್ಪಣನು ಹೇಳಿದ ಚೆಲುವು ಇದೇ ಇರಬೇಕು. ಅತಿಶಯದ ವಿಷಯಕ್ಕೆ ಬಂದರೆ ಗುಳ್ಳಕಾಯಜ್ಜಿಯ ಐತಿಹ್ಯ ಎಲ್ಲರಿಗೂ ಪರಿಚಿತ. ಚಾವುಂಡರಾಯನು ಕೊಡಕೊಡವಾಗಿ ಹಾಲೆರೆಸಿದರೂ ಅದು ಪಾದವನ್ನು ಮುಟ್ಟಲಿಲ್ಲ; ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದಿಂದ ಕೆಳಗೆ ಹರಿಯಿತು. ಮಾಡಿಸಿದವನ ಅಹಂಕಾರವನ್ನು ಆ ಮೂರ್ತಿಯ ಕಥೆಯೇ ಮುರಿಯುತ್ತದೆ. ಈಗಿನ ದೊಡ್ಡ ಪ್ರತಿಮೆಗಳ ಸುತ್ತ ಇಂಥ ಕಥೆಗಳು ಹುಟ್ಟುವುದನ್ನು ನಾನು ಕಾಣೆ.

ಇತರ ದೇಶಗಳ ಇತಿಹಾಸಕ್ಕೆ ಬರೋಣ. ಬೃಹತ್ ಪ್ರತಿಮೆಯನ್ನು ನೋಡಲೆಂದೇ ಜನರು ದೇಶಾಂತರದಿಂದ ಬರುವ ವಾಡಿಕೆಯು ಬಹಳ ಹಳೆಯದು. ಗ್ರೀಕರ ರೋಡ್ಸ್ ದ್ವೀಪದ ಜನರು ಕ್ರಿ.ಪೂ. 305ರಲ್ಲಿ ಆರಂಭವಾದ ದೊಡ್ಡ ಮುತ್ತಿಗೆಯೊಂದನ್ನು ಎದುರಿಸಿ ಗೆದ್ದರು. ಹಿಮ್ಮೆಟ್ಟಿದ ಶತ್ರುವು ಬಿಟ್ಟುಹೋದ ಯುದ್ಧಯಂತ್ರಗಳನ್ನು ಮಾರಿದ ಹಣದಿಂದ ಸೂರ್ಯದೇವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಲಿಂಡೋಸಿನ ಕಾರೀಸನೆಂಬ ಶಿಲ್ಪಿ 12 ವರ್ಷ ದುಡಿದು ಕ್ರಿ.ಪೂ. 280ರ ಸುಮಾರಿಗೆ ಮುಗಿಸಿದ ಇದರ ಎತ್ತರ 70 ಮೊಳ, ಈಗಿನ ಲೆಕ್ಕದಲ್ಲಿ ಸುಮಾರು 33 ಮೀಟರ್. ಅದು ನಿಂತದ್ದು ಅರವತ್ತು ವರ್ಷವೂ ಇಲ್ಲ. ಕ್ರಿ.ಪೂ. 226ರ ಸುಮಾರಿನ ಭೂಕಂಪದಲ್ಲಿ ಮೊಣಕಾಲಿನ ಬಳಿ ಮುರಿದು ಬಿತ್ತು. ಈಜಿಪ್ಟಿನ ಅರಸನು ಮತ್ತೆ ಎತ್ತಿ ನಿಲ್ಲಿಸಲು ಹಣ ಕೊಡುತ್ತೇನೆಂದರೂ ದೈವವಾಣಿಗೆ ಹೆದರಿ ಜನರು ಒಪ್ಪಲಿಲ್ಲ. ಸ್ವಾರಸ್ಯವಿರುವುದು ಮುಂದಿನ ಕಥೆಯಲ್ಲಿ. ಬಿದ್ದ ಪ್ರತಿಮೆಯನ್ನು ನೋಡಲು ಯಾತ್ರಿಕರು ಶತಮಾನಗಳ ಕಾಲ ಬರುತ್ತಲೇ ಇದ್ದರು. ಕ್ರಿಸ್ತಶಕದ ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿಯು ಅದರ ಹೆಬ್ಬೆರಳನ್ನು ತಬ್ಬಬಲ್ಲವರು ಕೆಲವರೇ ಎಂದು ಬೆರಗುಗೊಂಡು ಬರೆದಿದ್ದಾನೆ. ಅಂದರೆ ಎತ್ತರವು ನೆಲಕ್ಕೊರಗಿದ ಮೇಲೂ ಆಕರ್ಷಣೆ ಅಳಿಯಲಿಲ್ಲ.

ಆಫ್ಘಾನಿಸ್ತಾನದ ಬಾಮಿಯಾನದಲ್ಲಿಯೂ ಇಂಥದೇ ಸಂಗತಿ, ಆದರೆ ದುಃಖದ್ದು. ಬೆಟ್ಟದ ಗೋಡೆಯಲ್ಲಿ ಕೊರೆದಿದ್ದ 55 ಮತ್ತು 38 ಮೀಟರಿನ ಎರಡು ಬುದ್ಧಮೂರ್ತಿಗಳನ್ನು ಏಳನೆಯ ಶತಮಾನದಲ್ಲಿ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನು ಕಂಡು ವರ್ಣಿಸಿದನು. ಮುಂದೆ ದಕ್ಷಿಣಕ್ಕೆ ಬಂದು ನಮ್ಮ ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನೂ ಬರೆದಿಟ್ಟವನು ಇವನೇ. ಆ ಮೂರ್ತಿಗಳನ್ನು 2001ರ ಮಾರ್ಚಿಯಲ್ಲಿ ತಾಲಿಬಾನಿಗಳು ಸಿಡಿಮದ್ದಿನಿಂದ ನಾಶಮಾಡಿದರು. ಇಂದು ಅಲ್ಲಿಗೆ ಹೋಗುವವರು ನೋಡುವುದು ಬರಿದಾದ ಎರಡು ಗೂಡುಗಳನ್ನು.

ಚೀನದ ಲೆಷಾನ್ ಬುದ್ಧನ ಇತಿಹಾಸವು ಬೇರೊಂದು ಪಾಠವನ್ನು ಹೇಳುತ್ತದೆ. ಮೂರು ನದಿಗಳು ಕೂಡುವ ಸ್ಥಳದಲ್ಲಿ ದೋಣಿಗಳು ಮುಳುಗಿ ಜನರು ಸಾಯುತ್ತಿದ್ದುದನ್ನು ಕಂಡ ಹೈಟಾಂಗನೆಂಬ ಭಿಕ್ಷುವು, ನೀರಿನ ಉಗ್ರತೆ ಶಾಂತವಾಗಲೆಂದು, ಕ್ರಿ.ಶ. 713ರಲ್ಲಿ ನದೀತೀರದ ಬಂಡೆಯಲ್ಲಿ ಮೂರ್ತಿಯನ್ನು ಕಡೆಯಲು ತೊಡಗಿಸಿದನು. ಆತನು ತೀರಿಕೊಂಡ ಮೇಲೆ ಕೆಲಸ ನಿಂತು, ಮತ್ತೆ ಸಾಗಿ, 803ರಲ್ಲಿ ಮುಗಿಯಿತು. ಕುಳಿತ ಭಂಗಿಯ ಈ ಮೂರ್ತಿ 71 ಮೀಟರ್ ಎತ್ತರವಿದೆ. ಕೂದಲಿನ ಸುರುಳಿಗಳ ನಡುವೆ, ಕಿವಿಗಳ ಹಿಂದೆ, ಉಡುಗೆಯ ಮಡಿಕೆಗಳಲ್ಲಿ, ನೋಡುವವರ ಕಣ್ಣಿಗೆ ಬೀಳದಂತೆ ಮಳೆನೀರಿನ ಕಾಲುವೆಗಳನ್ನು ಕೊರೆದಿದ್ದಾರೆ. ಹನ್ನೆರಡು ಶತಮಾನಗಳ ಮಳೆಯನ್ನು ಅದು ತಾಳಿಕೊಂಡಿರುವುದರಲ್ಲಿ ಈ ಕಾಲುವೆಗಳ ಪಾಲು ದೊಡ್ಡದು. ಕಟ್ಟಿಸುವಾಗ ಜಯಘೋಷ ಮಾಡುವವರು ಅನೇಕರಿರುತ್ತಾರೆ. ನೀರು ಎಲ್ಲಿ ಹರಿದುಹೋಗಬೇಕೆಂದು ಯೋಚಿಸುವವರು ವಿರಳ.

ಕಳೆದ ಒಂದೂವರೆ ಶತಮಾನದಲ್ಲಿ ಕಬ್ಬಿಣ ಮತ್ತು ಕಾಂಕ್ರೀಟು ಬಂದ ಮೇಲೆ ಎತ್ತರವು ಎಂಜಿನಿಯರುಗಳ ಕೈವಶವಾಯಿತು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ (1886) ಬಾರ್ತೋಲ್ಡಿ ಎಂಬ ಶಿಲ್ಪಿಯದು. ಒಳಗಿನ ಹಂದರ ಐಫೆಲನದು. ಪ್ರತಿಮೆಯಷ್ಟೇ ಆದರೆ 46 ಮೀಟರ್, ಪೀಠವನ್ನೂ ಸೇರಿಸಿದರೆ 93. ಇಲ್ಲಿಂದ ಮುಂದೆ ಪೀಠವನ್ನು ಎಣಿಸಬೇಕೇ ಬಿಡಬೇಕೇ ಎಂಬ ವಾದ ಬಿಟ್ಟೂಬಿಡದೆ ಬರುತ್ತದೆ. ಜಪಾನಿನ ಉಷಿಕು ಬುದ್ಧನ (1993) 120 ಮೀಟರಿನಲ್ಲಿ 20 ಮೀಟರ್ ಪೀಠದ್ದು. ಚೀನದ ಹೆನಾನ್ ಪ್ರಾಂತ್ಯದಲ್ಲಿ 2008ರಲ್ಲಿ ಪೂರ್ಣಗೊಂಡ ವೈರೋಚನ ಬುದ್ಧನ 128 ಮೀಟರ್ ಅನ್ನು, ಕೆಳಗಿನ ಕಟ್ಟಡ ಮತ್ತು ಗುಡ್ಡವನ್ನೂ ಕೂಡಿಸಿ 208 ಎನ್ನುವವರುಂಟು.

ಈ ಪೈಪೋಟಿಯಲ್ಲಿ ಇಂದು ಎಲ್ಲರಿಗಿಂತ ಮೇಲಿರುವುದು ಗುಜರಾತಿನ ನರ್ಮದಾ ತೀರದ ಸರ್ದಾರ್ ಪಟೇಲರ ಏಕತಾ ಪ್ರತಿಮೆ. 2018ರ ಅಕ್ಟೋಬರ್ 31ರಂದು ಲೋಕಾರ್ಪಣೆಗೊಂಡ ಇದರ ಎತ್ತರ 182 ಮೀಟರ್; ಗುಜರಾತ್ ವಿಧಾನಸಭೆಯ ಸ್ಥಾನಗಳ ಸಂಖ್ಯೆಯೂ ಅಷ್ಟೇ. ಶಿಲ್ಪಿ ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ರಾಮ ಸುತಾರರು. ಲಿಫ್ಟಿನಲ್ಲಿ ಏರಿ ಸುಮಾರು 153 ಮೀಟರ್ ಎತ್ತರದ ಗ್ಯಾಲರಿಯಿಂದ ಸರ್ದಾರ್ ಸರೋವರವನ್ನು ನೋಡಬಹುದು. ಪ್ರವಾಸಿಗಳ ಸಲುವಾಗಿ 2021ರಲ್ಲಿ ರೈಲು ನಿಲ್ದಾಣವೂ ಬಂದಿತು. ಭೂಮಿ ಕಳೆದುಕೊಂಡೆವೆಂದು ಸುತ್ತಲಿನ ಆದಿವಾಸಿಗಳು ಉದ್ಘಾಟನೆಯ ಸಮಯದಲ್ಲಿ ಪ್ರತಿಭಟಿಸಿದ್ದೂ ಈ ಇತಿಹಾಸದ ಭಾಗವೇ. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದುಗೂಡಿಸಿದ ಮಹಾಪುರುಷನ ಸ್ಮರಣೆಗೆ ಇಷ್ಟು ಎತ್ತರ ಬೇಕಿತ್ತೇ ಎಂಬ ಪ್ರಶ್ನೆಗೆ ಉತ್ತರಗಳು ಎರಡೂ ಕಡೆಯಿಂದ ಬಂದಿವೆ. ನನ್ನ ಮಟ್ಟಿಗೆ, ಪಟೇಲರ ಮುಖಭಾವವನ್ನು ಅಷ್ಟು ದೊಡ್ಡ ಅಳತೆಯಲ್ಲಿ ಹಿಡಿದಿಟ್ಟ ಶಿಲ್ಪಿಯ ಕೈಗೆ ಬೊಪ್ಪಣನ ಎರಡನೆಯ ಅಂಕ ಸಲ್ಲಬೇಕು.

ದೇವತೆಗಳ ಪ್ರತಿಮೆಗಳೂ ಬೆಳೆಯುತ್ತಿವೆ. ಮುರುಡೇಶ್ವರದ ಕಂದುಕಗಿರಿಯ ಮೇಲಿನ 123 ಅಡಿಯ ಶಿವ, ಆಂಧ್ರದ ಪರಿಟಾಲದ 135 ಅಡಿಯ ಹನುಮಂತ (2003), ಹೈದರಾಬಾದಿನ ಬಳಿಯ 216 ಅಡಿಯ ರಾಮಾನುಜಾಚಾರ್ಯರು (2022), ನಾಥದ್ವಾರದ 369 ಅಡಿಯ ಶಿವ (2022). ದೂರದ ಟ್ರಿನಿಡಾಡಿನಲ್ಲಿಯೂ 85 ಅಡಿಯ ಆಂಜನೇಯನಿದ್ದಾನೆ. ಮೈಸೂರಿನ ದತ್ತಪೀಠದ ಶ್ರೀ ಗಣಪತಿ ಸಚ್ಚಿದಾನಂದ ಸ್ವಾಮಿಗಳ ಪ್ರೇರಣೆ ಅದು. ಮುಖ್ಯಪ್ರಾಣನ ಭಕ್ತರಾದ ನಮಗೆ ಇದು ಸಂತೋಷದ ಸುದ್ದಿಯೇ. ಆದರೆ ಒಂದು ಮಾತು. ಉಡುಪಿಯ ಯಾತ್ರೆ ಮುಗಿಸಿ ಮುರುಡೇಶ್ವರಕ್ಕೆ ಹೋಗುವ ನಮ್ಮ ಕುಟುಂಬಗಳಲ್ಲಿ ಎಷ್ಟೋ ಮಂದಿ ಗೋಪುರದ ಲಿಫ್ಟನ್ನು ಏರಿ, ದೊಡ್ಡ ಶಿವನ ಮುಂದೆ ಫೋಟೋ ತೆಗೆಸಿಕೊಂಡು, ಕೆಳಗಿನ ಗುಡಿಯ ಮೃಡೇಶಲಿಂಗದ ದರ್ಶನವನ್ನು ಹೊತ್ತಾಯಿತೆಂದು ಬಿಟ್ಟುಬರುತ್ತಾರೆ. ನಾಥದ್ವಾರದಲ್ಲಿ ಶ್ರೀನಾಥಜಿಯ ಗತಿ ಹಾಗಾಗದಿರಲಿ. ಪ್ರತಿಷ್ಠೆಗೊಂಡು ನಿತ್ಯ ಪೂಜೆಗೊಳ್ಳುವ ವಿಗ್ರಹವೇ ಬೇರೆ, ನೋಡಿ ಬೆರಗಾಗಲೆಂದು ನಿಲ್ಲಿಸಿದ ಪ್ರತಿಮೆಯೇ ಬೇರೆ. ಕಡೆಗೋಲು ಹಿಡಿದ ನಮ್ಮ ಬಾಲಕೃಷ್ಣನನ್ನು ಒಂಬತ್ತು ರಂಧ್ರಗಳ ಕಿಂಡಿಯಲ್ಲಿ ಇಣುಕಿ ನೋಡುವಾಗ ಆತನು ಎಷ್ಟು ಅಡಿ ಎತ್ತರವೆಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ.

ನಾವಿರುವ ರಾಜ್ಯದಲ್ಲಿಯೇ ನಡೆದ ಒಂದು ಘಟನೆಯನ್ನು ಹೇಳದಿರುವಂತಿಲ್ಲ. ಸಿಂಧುದುರ್ಗ ಜಿಲ್ಲೆಯ ಮಾಲ್ವಣದ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ ಛತ್ರಪತಿ ಶಿವಾಜಿ ಮಹಾರಾಜರ 35 ಅಡಿಯ ಪ್ರತಿಮೆ 2024ರ ಆಗಸ್ಟ್ 26ರಂದು ಕುಸಿದುಬಿತ್ತು. ಒಂಬತ್ತು ತಿಂಗಳೂ ತುಂಬಿರಲಿಲ್ಲ. 2025ರಲ್ಲಿ ಅದೇ ಸ್ಥಳದಲ್ಲಿ ಇನ್ನೂ ಎತ್ತರದ ಹೊಸ ಪ್ರತಿಮೆಯನ್ನು ನಿಲ್ಲಿಸಲಾಯಿತು. ಅರಬ್ಬೀ ಸಮುದ್ರದಲ್ಲಿ 212 ಮೀಟರಿನ ಸ್ಮಾರಕಕ್ಕೆ 2016ರಲ್ಲಿಯೇ ಪೂಜೆ ನಡೆದಿದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಲೋಹವನ್ನು ನಿಲ್ಲಿಸುವವರು ಲೆಷಾನಿನ ಕಾಲುವೆಗಳನ್ನೂ ಒಮ್ಮೆ ನೋಡಿಬರುವುದು ಲೇಸು.

ಬೆಳಗೊಳದಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕವು 2018ರ ಫೆಬ್ರವರಿಯಲ್ಲಿ ನೆರವೇರಿತು. ಈ ಲೆಕ್ಕದಲ್ಲಿ ಮುಂದಿನದು 2030ರ ಸುಮಾರಿಗೆ ಬರಬೇಕು. ಆ ಜನಸಂದಣಿಯನ್ನು ಕಾಯಬೇಕಾಗಿಲ್ಲ. ಊರಿಗೆ ಹೋದಾಗ ಸಾಮಾನ್ಯ ದಿನವೊಂದರಲ್ಲಿ, ಬಿಸಿಲೇರುವ ಮುನ್ನ ಹತ್ತುವುದು ಒಳ್ಳೆಯದು. ಬರಿಗಾಲಿನಲ್ಲಿ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಏರಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ. ಮೇಲೆ ತಲುಪಿದವರು ಗೊಮ್ಮಟನನ್ನು ನೋಡಿಯಾದ ಮೇಲೆ ಬೊಪ್ಪಣನ ಶಾಸನ ಎಲ್ಲಿದೆಯೆಂದು ಅಲ್ಲಿಯವರನ್ನು ಕೇಳಿ, ಅದನ್ನೂ ನೋಡಿಕೊಂಡು ಇಳಿಯಬೇಕು.