ಕಾಫಿಯ ಪಾತ್ರೆ

ಕಾಫಿಯ ಚರಿತ್ರೆಯೆಂದರೆ ಬೀಜದ ಚರಿತ್ರೆಯೆಂದೇ ನಾವು ಎಣಿಸಿದ್ದೇವೆ. ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯವನ್ನು ಅರಿಯದವರಿಲ್ಲ. ಪಾತ್ರೆಯ ಕಥೆಯನ್ನು ಕೇಳುವವರಿಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ಹಾದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಊರಿಗಾಮಿನ ಬಂಡೆಯನ್ನು ಪುಡಿಗೈಯುವುದಕ್ಕೆ ದೊಡ್ಡ ಯಂತ್ರಗಳಿದ್ದುವು. ಮನೆಯ ಕಾಫಿಬೀಜಕ್ಕೆ ಕೈಯಿಂದ ತಿರುಗಿಸುವ ಪುಟ್ಟ ಯಂತ್ರವೇ ಗತಿ. ಹೊಸಬರಿಗೆ ಅದೂ ಬೇಡ, ಅಂಗಡಿಯ ಪುಡಿ ಸಾಕು. ಬೇಕಾದುದು ಫಿಲ್ಟರು.

ತಳದಲ್ಲಿ ರಂಧ್ರಗಳುಳ್ಳ ಪಾತ್ರೆಯನ್ನು ಮತ್ತೊಂದರ ಮೇಲೆ ಕೂರಿಸುವ ಈ ಉಪಾಯವು 1800ರ ಸುಮಾರಿಗೆ ಪ್ಯಾರಿಸ್ ನಗರದಲ್ಲಿ ಬಳಕೆಗೆ ಬಂದಿತ್ತು. ನಮ್ಮಲ್ಲಿ ಅದು ಹಿತ್ತಾಳೆಯದಾಯಿತು, ಮುಂದೆ ಸ್ಟೀಲಿನದಾಯಿತು. ಪುಡಿಯನ್ನು ಬಿಲ್ಲೆಯಿಂದ ಮೆಲ್ಲನೆ ಒತ್ತಿ, ಕುದಿವ ನೀರನ್ನು ಸುರಿದು, ಮುಚ್ಚಿಟ್ಟು ಕಾಯಬೇಕು. ಬಿಗಿಯಾದರೆ ನೀರು ಇಳಿಯದು. ಸಡಿಲವಾದರೆ ಡಿಕಾಕ್ಷನ್ ತೆಳ್ಳಗಾದೀತು. ವಿದ್ಯಾರ್ಥಿದೆಸೆಯಲ್ಲಿ ನಾವು ಬಲವನ್ನೆಲ್ಲ ಪ್ರಯೋಗಿಸಿ ಒತ್ತಿ, ಕಾಲೇಜಿನ ಗಂಟೆಯಾದರೂ ಒಂದು ತೊಟ್ಟನ್ನೂ ಕಾಣದೆ ಹೊರಟದ್ದುಂಟು!

ನಮಗೆ ತಪ್ಪಿದ್ದು ಒಂದು ಪಾಠ ಮಾತ್ರ. 2001ರಲ್ಲಿ ಮುಚ್ಚಿಹೋದ ಆ ಗಣಿಗಳಲ್ಲಿ ಪಾಳಿಗೆ ಇಳಿಯುತ್ತಿದ್ದವನಿಗೆ ಅಷ್ಟು ಬಿಡುವೆಲ್ಲಿತ್ತು? ಅಂಥವನ ಮನೆಗೆ ಒಂದು ಬೋಗುಣಿ, ಒಂದು ತುಂಡು ಶುಭ್ರವಾದ ಬಟ್ಟೆ, ಇಷ್ಟಿದ್ದರೆ ಕಾಫಿಯಾಗುತ್ತದೆ. ಆ ಬಟ್ಟೆಯನ್ನು ಉಪಕರಣಗಳ ಪಟ್ಟಿಯಿಂದ ನಾವು ಬಿಡಲಾರೆವು.