ಟ್ರೆಷರ್ ಐಲೆಂಡ್: ಕ್ವಿಯರ್ ಮರುಕಥನಗಳು

ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್‌ (1850–1894) ಬರೆದ ‘ಟ್ರೆಷರ್ ಐಲೆಂಡ್’ ಎಂಬ ಸಾಹಸ ಕಾದಂಬರಿಯನ್ನು ಸಲಿಂಗ ಪ್ರೇಮಿಗಳನ್ನು ನಡುವಿಗೆ ತಂದು ಹೊಸದಾಗಿ ಹೇಳಿದ ಕೃತಿಗಳು. ಮುಖ್ಯವಾದವು ಎರಡು: ಅಮೆರಿಕದ ಟಿವಿ ಸರಣಿ ‘ಬ್ಲ್ಯಾಕ್ ಸೇಲ್ಸ್’ (2014–2017) ಮತ್ತು ಸಿ. ಬಿ. ಲೀ ಅವರ ಕಾದಂಬರಿ ‘ಎ ಕ್ಲ್ಯಾಶ್ ಆಫ್ ಸ್ಟೀಲ್’ (2021). ಮೊದಲನೆಯದು ಮೂಲಕಥೆಗೆ ಹಿಂದೆ ನಡೆದದ್ದನ್ನು ಹೇಳಿದರೆ, ಎರಡನೆಯದು ಕಥೆಯನ್ನೇ ಎತ್ತಿ ಬೇರೊಂದು ಕಡಲಿಗೆ ಒಯ್ಯುತ್ತದೆ.

ಮೂಲ ಹುಟ್ಟಿದ್ದು 1881ರ ಆಗಸ್ಟಿನಲ್ಲಿ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ. ಮಳೆ ಹಿಡಿದು ಎಲ್ಲರೂ ಮನೆಯಲ್ಲೇ ಕೂತಿದ್ದಾಗ ಸ್ಟೀವನ್‌ಸನ್‌ ತನ್ನ ಮಲಮಗ ಲಾಯ್ಡ್ ಆಸ್ಬೋರ್ನ್ ಜೊತೆ ಆಟಕ್ಕೆಂದು ಒಂದು ದ್ವೀಪದ ನಕ್ಷೆ ಬರೆದು ಬಣ್ಣ ಹಚ್ಚಿದ. ನಕ್ಷೆಯಿಂದ ಕಥೆ ಹೊರಟಿತು. ಹೆಂಗಸರು ಕಥೆಯಲ್ಲಿ ಬರಕೂಡದು ಎಂಬುದು ಹದಿಮೂರರ ಆ ಹುಡುಗನ ಕಟ್ಟಪ್ಪಣೆ. ‘ಯಂಗ್ ಫೋಕ್ಸ್’ ಪತ್ರಿಕೆಯಲ್ಲಿ ಕ್ಯಾಪ್ಟನ್ ಜಾರ್ಜ್ ನಾರ್ತ್ ಎಂಬ ಸುಳ್ಳು ಹೆಸರಿನಲ್ಲಿ ಕಂತುಕಂತಾಗಿ ಬಂದ ಇದು 1883ರಲ್ಲಿ ಪುಸ್ತಕವಾಯಿತು. ನಿರೂಪಕ ಜಿಮ್ ಹಾಕಿನ್ಸ್‌ನ ತಾಯಿಯನ್ನು ಬಿಟ್ಟರೆ ಅದರಲ್ಲಿ ಬಾಯಿಬಿಡುವ ಹೆಣ್ಣಿಲ್ಲ. ಒಂಟಿಕಾಲಿನ ಅಡುಗೆಯವ ಜಾನ್ ಸಿಲ್ವರ್‌ಗೆ ಕಪ್ಪು ಬಣ್ಣದ ಹೆಂಡತಿ ಇದ್ದಾಳೆ. ಅವಳು ಇರುವುದು ಬೇರೆಯವರ ಮಾತಿನಲ್ಲಿ ಮಾತ್ರ.

ಹುಡುಗ ಗೆದ್ದನೇನೋ ಸರಿ. ಆದರೆ ಹೆಂಗಸರನ್ನು ಹೊರಗೆ ಹಾಕಿದ ಮೇಲೆ ಅಕ್ಕರೆ, ಸೆಳೆತ, ಮುನಿಸು, ದ್ರೋಹ ಎಲ್ಲವೂ ಗಂಡಸರ ನಡುವೆಯೇ ನಡೆಯಬೇಕಾಯಿತು. ಹಡಗಿನ ಅಡುಗೆಕೋಣೆಗೆ ಜಿಮ್‌ನನ್ನು ಕರೆದು ಕೂರಿಸಿ ಗಿಳಿಯ ಕಥೆ ಹೇಳುವ ಸಿಲ್ವರ್‌ಗೆ ಹುಡುಗನ ಮೇಲಿರುವುದು ವಾತ್ಸಲ್ಯವೋ ಲೆಕ್ಕಾಚಾರವೋ ಎಂಬುದನ್ನು ಕಾದಂಬರಿ ಕೊನೆವರೆಗೂ ಬಿಟ್ಟುಕೊಡುವುದಿಲ್ಲ. ಆ ನಂಟನ್ನು ಪ್ರಣಯವೆಂದು ಓದುವುದು ಮೂಲಕ್ಕೆ ಮಾಡುವ ಬಲಾತ್ಕಾರವೇ ಸರಿ; ಗಮನಿಸಬೇಕಾದದ್ದೆಂದರೆ, ಮುಂದಿನ ಮರುಕಥನಕಾರರೂ ಆ ದಾರಿ ಹಿಡಿಯಲಿಲ್ಲ. ಅವರು ಹುಡುಕಿದ್ದು ಮೂಲ ಖಾಲಿ ಬಿಟ್ಟ ಜಾಗಗಳನ್ನು.

ಅದಕ್ಕೆ ಮೊದಲು ಸಾಹಸಕಥೆಗಳನ್ನು ಓದುವ ರೀತಿ ಬದಲಾಗಿತ್ತು. 1948ರಲ್ಲಿ ಅಮೆರಿಕದ ವಿಮರ್ಶಕ ಲೆಸ್ಲಿ ಫೀಡ್ಲರ್, ‘ಹಕಲ್‌ಬರಿ ಫಿನ್‌’ ಕಾದಂಬರಿಯಲ್ಲಿ ತೆಪ್ಪದ ಮೇಲೆ ಹೋಗುವ ಇಬ್ಬರ ನಡುವೆ ಗಂಡುಗಳ ಪ್ರೇಮವಿದೆ ಎಂದು ಬರೆದು ಗದ್ದಲ ಎಬ್ಬಿಸಿದ. 1983ರಲ್ಲಿ ಇತಿಹಾಸಕಾರ ಬಿ. ಆರ್. ಬರ್ಗ್ 17ನೇ ಶತಮಾನದ ಕೆರಿಬಿಯನ್ ಕಡಲ್ಗಳ್ಳರಲ್ಲಿ ಸಲಿಂಗ ಸಂಬಂಧ ಸಾಮಾನ್ಯವಾಗಿತ್ತೆಂದು ವಾದಿಸಿದ. ಆ ಕಳ್ಳರಲ್ಲಿ ‘ಮಾತ್ಲೊತಾಜ್’ ಎಂಬ ಒಡನಾಟದ ಒಪ್ಪಂದವಿತ್ತು: ಇಬ್ಬರ ಗಳಿಕೆ ಒಂದೇ, ಒಬ್ಬ ಸತ್ತರೆ ಆಸ್ತಿ ಇನ್ನೊಬ್ಬನಿಗೆ. ಇದು ದಾಂಪತ್ಯವೋ ಬರೀ ವಿಮೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

‘ಬ್ಲ್ಯಾಕ್ ಸೇಲ್ಸ್’ ಅನ್ನು ಜೊನಾಥನ್ ಸ್ಟೈನ್‌ಬರ್ಗ್ ಮತ್ತು ರಾಬರ್ಟ್ ಲೆವಿನ್ ಸ್ಟಾರ್ಜ್ ವಾಹಿನಿಗಾಗಿ ರೂಪಿಸಿದರು: ನಾಲ್ಕು ಸೀಸನ್, 38 ಕಂತು. ಕಥೆ 1715ರ ನಸೌ ಬಂದರಿನಲ್ಲಿ ಶುರುವಾಗುತ್ತದೆ. ಅದರ ನಾಯಕ ಕಡಲ್ಗಳ್ಳ ಕ್ಯಾಪ್ಟನ್ ಫ್ಲಿಂಟ್, ಅಂದರೆ ಮೂಲ ಕಾದಂಬರಿ ತೆರೆಯುವ ಹೊತ್ತಿಗೇ ಸತ್ತಿರುವವನು. ಅಲ್ಲಿ ಅವನಿಂದ ಉಳಿದಿರುವುದು ನಿಧಿ, ನಕ್ಷೆ, ಅವನ ಹೆಸರು ಹೊತ್ತ ಗಿಳಿ, ಮತ್ತು ನಕ್ಷೆಯ ಮೇಲೆ ‘ಜೆ. ಎಫ್.’ ಎಂಬ ಎರಡು ಅಕ್ಷರ. ಆ ‘ಜೆ’ಯನ್ನು ಸರಣಿ ಜೇಮ್ಸ್ ಎಂದು ಬಿಡಿಸಿತು. ಎರಡನೇ ಸೀಸನ್ನಿನ ಐದನೇ ಕಂತಿನಲ್ಲಿ (2015) ಗುಟ್ಟು ಹೊರಬೀಳುತ್ತದೆ. ನೌಕಾಪಡೆಯ ಅಧಿಕಾರಿ ಜೇಮ್ಸ್ ಮೆಕ್‌ಗ್ರಾ ಪ್ರೀತಿಸಿದ್ದು ಥಾಮಸ್ ಹ್ಯಾಮಿಲ್ಟನ್ ಎಂಬ ಶ್ರೀಮಂತ ಮನೆತನದ ಸುಧಾರಕನನ್ನು. ಥಾಮಸ್‌ನನ್ನು ಹುಚ್ಚಾಸ್ಪತ್ರೆಗೆ ತಳ್ಳುತ್ತಾರೆ, ಸತ್ತನೆಂಬ ಸುದ್ದಿ ಬರುತ್ತದೆ, ಮೆಕ್‌ಗ್ರಾ ಫ್ಲಿಂಟ್ ಆಗುತ್ತಾನೆ. ಅಲ್ಲಿಯವರೆಗೆ ಪ್ರೇಕ್ಷಕರು ನಂಬಿದ್ದು ಥಾಮಸ್‌ನ ಹೆಂಡತಿ ಮಿರಾಂಡಾಳೊಂದಿಗಿನ ಸಂಬಂಧವೇ ಎಲ್ಲಕ್ಕೂ ಮೂಲವೆಂದು. ಹದಿಮೂರು ಕಂತು ಕಾಯಿಸಿ ಹೇಳಿದ್ದರಿಂದಲೇ ಹಿಂದಿನ ಪ್ರತಿ ದೃಶ್ಯಕ್ಕೂ ಬೇರೆ ಅರ್ಥ ಬಂತು.

ಮುಕ್ತಾಯವಂತೂ ಮೂಲವನ್ನು ಬೆರಳಿಟ್ಟು ಓದಿದವರ ಕೆಲಸ. ಸ್ಟೀವನ್‌ಸನ್‌ನಲ್ಲಿ ಫ್ಲಿಂಟ್ ಸವಾನಾ ಪಟ್ಟಣದಲ್ಲಿ ರಮ್ ಕುಡಿದು ಕುಡಿದು ಸಾಯುತ್ತಾನೆ. ಸರಣಿಯೂ ಅವನನ್ನು ಸವಾನಾಕ್ಕೇ ಒಯ್ಯುತ್ತದೆ, ಆದರೆ ಅಲ್ಲಿನ ಹೊಲದಲ್ಲಿ ಕೆಲಸ ಮಾಡುತ್ತ ನಿಂತಿರುವುದು ಬದುಕಿರುವ ಥಾಮಸ್. ಇಬ್ಬರೂ ಮಾತಿಲ್ಲದೆ ತಬ್ಬಿಕೊಳ್ಳುತ್ತಾರೆ. ಇದನ್ನು ನಮಗೆ ಹೇಳುತ್ತಿರುವವನು ಸಿಲ್ವರ್. ಅವನ ಮಾತನ್ನು ನಂಬುವುದು ಬಿಡುವುದು ನೋಡುವವರಿಗೆ ಬಿಟ್ಟದ್ದು. (ಸವಾನಾ ಸ್ಥಾಪನೆಯಾದದ್ದು 1733ರಲ್ಲಿ, ಸರಣಿ ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ.) ಸಿಲ್ವರ್‌ನ ಅನಾಮಿಕ ಹೆಂಡತಿಗೂ ಇಲ್ಲಿ ಮ್ಯಾಡಿ ಎಂಬ ಹೆಸರು, ಸ್ವಂತ ರಾಜಕೀಯ ಸಿಕ್ಕಿವೆ.

ಈ ಸರಣಿ ಶುರುವಾದ 2014ರಲ್ಲೇ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಬ್ರೈನಿ ಲೇವರಿಯ ರಂಗರೂಪ ಜಿಮ್‌ನನ್ನು ಹುಡುಗಿಯಾಗಿಸಿತು. ಪಾತ್ರವಹಿಸಿದ್ದು ಪಾಟ್ಸಿ ಫೆರಾನ್.

‘ಎ ಕ್ಲ್ಯಾಶ್ ಆಫ್ ಸ್ಟೀಲ್’ ಹದಿಹರೆಯದವರಿಗಾಗಿ ಬರೆದದ್ದು. ಹಳೆಯ ಕೃತಿಗಳನ್ನು ಬೇರೆ ಬೇರೆ ಸಮುದಾಯದ ಲೇಖಕರಿಂದ ಹೊಸದಾಗಿ ಬರೆಸುವ ‘ರೀಮಿಕ್ಸ್ಡ್ ಕ್ಲಾಸಿಕ್ಸ್’ ಮಾಲೆಯಲ್ಲಿ ಇದು ಬಂತು. ಕಾಲ 1826, ಜಾಗ ದಕ್ಷಿಣ ಚೀನಾ ಸಮುದ್ರ. ಷಿಯಾಂಗ್ ಎಂಬ ಹುಡುಗಿಯ ಕೊರಳಲ್ಲಿ ತಂದೆ ಬಿಟ್ಟುಹೋದ ಚಿನ್ನದ ಪದಕ. ಅನ್ ಎಂಬ ಇನ್ನೊಬ್ಬಳು ಅದನ್ನು ಕದಿಯುತ್ತಾಳೆ. ಒಳಗೆ ಸುರುಳಿ ಸುತ್ತಿದ ಪುಟ್ಟ ನಕ್ಷೆ. ಕಳ್ಳಿಗೂ ಕಳಕೊಂಡವಳಿಗೂ ಹಡಗಿನ ಮೇಲೆ ಪ್ರೀತಿ ಬೆಳೆಯುತ್ತದೆ. ಲಾಯ್ಡ್‌ನ ಷರತ್ತು ಇಲ್ಲಿ ತಲೆಕೆಳಗಾಗಿದೆ: ನಿಧಿ ಹೂತವಳು ಕೂಡ ಒಬ್ಬ ಹೆಣ್ಣು.

ಆ ಕಡಲ್ಗಳ್ಳಿಯ ಹಿಂದೆ ನಿಜವಾದ ಝೆಂಗ್ ಯಿ ಸಾವ್ ಇದ್ದಾಳೆ. 1807ರಲ್ಲಿ ಗಂಡ ಸತ್ತ ಮೇಲೆ ಕಳ್ಳರ ಒಕ್ಕೂಟವನ್ನೇ ನಡೆಸಿ, 1810ರಲ್ಲಿ ಸರ್ಕಾರದೊಂದಿಗೆ ಚೌಕಾಸಿ ಮಾಡಿ ಶರಣಾಗಿ, 1844ರವರೆಗೆ ಬದುಕಿದವಳು. ಅವಳ ಎರಡನೇ ಗಂಡ ಝಾಂಗ್ ಬಾವ್ ಬೆಸ್ತರ ಹುಡುಗ. ಮೊದಲ ಗಂಡ ಝೆಂಗ್ ಯಿ ಅವನನ್ನು 15ನೇ ವಯಸ್ಸಿನಲ್ಲಿ ಸೆರೆಹಿಡಿದು, ಹಾಸಿಗೆಗೆ ಸೇರಿಸಿಕೊಂಡು, ಆಮೇಲೆ ದತ್ತುಮಗನೆಂದು ಕರೆದಿದ್ದ. ಚೀನೀ ದಾಖಲೆಗಳನ್ನು ಆಧರಿಸಿ ಇತಿಹಾಸಕಾರ್ತಿ ಡಯಾನ್ ಮರ್ರೆ 1987ರಲ್ಲಿ ಇದನ್ನು ಬರೆದರು. ಕೈಸೆರೆಯಾದ ಹುಡುಗನ ಒಪ್ಪಿಗೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.