ಬಂಗು, ಕಪ್ಪು ಕಲೆಗಳ ಸೌಮ್ಯ ಲೇಪಗಳು

ಕೆನ್ನೆ, ಹಣೆಗಳಲ್ಲಿ ಹರಡುವ ಬಂಗು ಮತ್ತು ಮೊಡವೆ ಮಾಯ್ದ ಜಾಗದಲ್ಲಿ ಉಳಿಯುವ ಕಪ್ಪು ಗುರುತುಗಳನ್ನು ತಿಳಿಯಾಗಿಸಲು ಹಚ್ಚುವ, ಹಳೆಯ ಮದ್ದಾದ ಹೈಡ್ರೋಕ್ವಿನೋನ್‌ಗಿಂತ ಮೃದುವಾದ ವಸ್ತುಗಳ ಗುಂಪು. ಕೋಜಿಕ್ ಆಮ್ಲ, ಅಜೆಲಾಯಿಕ್ ಆಮ್ಲ, ನಯಾಸಿನಮೈಡ್, ಟ್ರಾನೆಕ್ಸಾಮಿಕ್ ಆಮ್ಲ ಇವುಗಳಲ್ಲಿ ಮುಖ್ಯವಾದವು. ಇವ್ಯಾವುವೂ ಮೊದಲಿಗೆ ಕಲೆ ತೆಗೆಯಲೆಂದು ಹುಡುಕಿದವಲ್ಲ.

ಆ ಹಳೆಯ ಮದ್ದು ಸಿಕ್ಕಿದ್ದೂ ಹೀಗೆಯೇ. 1939ರಲ್ಲಿ ಅಮೆರಿಕದ ತೊಗಲು ಹದ ಮಾಡುವ ಕಾರ್ಖಾನೆಯೊಂದರ ಕೆಲಸಗಾರರ ಕೈಗಳಲ್ಲಿ ಬಿಳಿ ಮಚ್ಚೆಗಳು ಎದ್ದವು. ಅವರು ತೊಡುತ್ತಿದ್ದ ರಬ್ಬರ್ ಕೈಗವಸಿನಲ್ಲಿದ್ದ ಹೈಡ್ರೋಕ್ವಿನೋನ್ ಸಂಬಂಧಿ ರಾಸಾಯನಿಕವೇ ಅದಕ್ಕೆ ಕಾರಣವಾಗಿತ್ತು. 1975ರಲ್ಲಿ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಸೂತ್ರ ಕೊಟ್ಟರು. ಅದೇ ವರ್ಷ ದಕ್ಷಿಣ ಆಫ್ರಿಕಾದಿಂದ ಇನ್ನೊಂದು ವರದಿ ಬಂತು: ಹೈಡ್ರೋಕ್ವಿನೋನ್ ಕ್ರೀಮುಗಳನ್ನು ಬಹುಕಾಲ ಹಚ್ಚಿದವರ ಮುಖ ಬೆಳ್ಳಗಾಗುವ ಬದಲು ನೀಲಿಗಪ್ಪಾಗುತ್ತಿತ್ತು. ಆ ದೇಶ 1990ರಲ್ಲಿ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿತು.

ಮೃದುವಾದ ವಸ್ತುಗಳಲ್ಲಿ ಒಂದು ಕೋಜಿಕ್ ಆಮ್ಲ. 1907ರಲ್ಲಿ ಜಪಾನಿನ ಸೈಟೊ, ಬೇಯಿಸಿದ ಅನ್ನದ ಮೇಲೆ ಬೆಳೆಸಿದ ಬೂಷ್ಟಿನಲ್ಲಿ ಅದನ್ನು ಕಂಡರು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು, ಆ ಕಿಣ್ವಕ್ಕೆ ತಾಮ್ರ ಬೇಕು. ಕೋಜಿಕ್ ಆಮ್ಲ ಆ ತಾಮ್ರವನ್ನೇ ಕಟ್ಟಿಹಾಕುತ್ತದೆ.

ಅಜೆಲಾಯಿಕ್ ಆಮ್ಲದ ಸುಳಿವು ಕೊಟ್ಟದ್ದು ಚಿಬ್ಬು ಎಂಬ ಶಿಲೀಂಧ್ರ ರೋಗ. ಚಿಬ್ಬು ಎದ್ದಲ್ಲೆಲ್ಲ ಚರ್ಮ ಪೇಲವವಾಗುವುದೇಕೆ ಎಂದು ಹುಡುಕುತ್ತ ಹೋದ ಇಟಲಿಯ ನಜಾರೊ-ಪೊರೊ ಮತ್ತು ಪಾಸಿ, ಅದನ್ನು ತರುವ ಶಿಲೀಂಧ್ರ ಕೊಬ್ಬಿನಾಮ್ಲಗಳಿಂದ ಟೈರೋಸಿನೇಸನ್ನು ತಡೆಯುವ ಆಮ್ಲಗಳನ್ನು ತಯಾರಿಸುತ್ತದೆಂದು 1978ರಲ್ಲಿ ತೋರಿಸಿದರು. ಅವುಗಳಲ್ಲೊಂದಾದ ಅಜೆಲಾಯಿಕ್ ಆಮ್ಲದ ಶೇ. 20ರ ಕ್ರೀಮು ಈಗ ಬಂಗಿಗೆ ಬಳಕೆಯಲ್ಲಿದೆ. ಬಂಗು ಹೆಚ್ಚಾಗಿ ಕಾಣಿಸಿಕೊಳ್ಳುವ ಗರ್ಭಾವಸ್ಥೆಯಲ್ಲೂ ವೈದ್ಯರು ಇದನ್ನು ಬರೆದುಕೊಡುವುದುಂಟು.

ನಯಾಸಿನಮೈಡ್ ಬಿ3 ಜೀವಸತ್ವದ ಒಂದು ರೂಪ. ಬಿಸಿಲು ತಾಗಿದಲ್ಲಿ ಚರ್ಮ ಕಪ್ಪಾಗಿ ಒರಟಾಗುವ ಪೆಲಾಗ್ರ ರೋಗಕ್ಕೆ ಈ ಜೀವಸತ್ವವೇ ಮದ್ದೆಂದು ತಿಳಿಯಲು ದಾರಿಯಾದದ್ದು 1937ರಲ್ಲಿ ವಿಜ್ಞಾನಿ ಎಲ್ವೆಯೆಂ ನಡೆಸಿದ ಸಂಶೋಧನೆ. ಇದು ಮೆಲನಿನ್ ತಯಾರಿಯನ್ನು ನಿಲ್ಲಿಸುವುದಿಲ್ಲ. ತಯಾರಾದ ಬಣ್ಣದ ಕಣಗಳು ಮೇಲಿನ ಜೀವಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ ಎಂದು 2002ರ ಅಧ್ಯಯನವೊಂದು ತೋರಿಸಿತು. ಟ್ರಾನೆಕ್ಸಾಮಿಕ್ ಆಮ್ಲವಂತೂ ಹುಟ್ಟಿದ್ದೇ ರಕ್ತಸ್ರಾವ ತಡೆಯಲು. 1962ರಲ್ಲಿ ಅದನ್ನು ರೂಪಿಸಿದವರು ಜಪಾನಿನ ಒಕಾಮೊಟೊ ದಂಪತಿ. ಬೇರೆ ಕಾಯಿಲೆಗೆ ಅದನ್ನು ನುಂಗುತ್ತಿದ್ದ ರೋಗಿಯೊಬ್ಬರ ಬಂಗು ತಿಳಿಯಾದ ವರದಿ ಬಂದದ್ದು 1979ರಲ್ಲಿ.

ಸೌಮ್ಯವೆಂಬ ಹೆಸರು ಹೊತ್ತದ್ದೆಲ್ಲ ನಿರಪಾಯವಾಗಿರಲಿಲ್ಲ. ಜಪಾನಿನಲ್ಲಿ 2008ರಲ್ಲಿ ಒಪ್ಪಿಗೆ ಪಡೆದ, ಬಣ್ಣ ತಿಳಿಯಾಗಿಸುವ ರೊಡೊಡೆನಾಲ್ ಎಂಬ ವಸ್ತು ಹಚ್ಚಿದ ಸಾವಿರಾರು ಮಂದಿಗೆ ಬಿಳಿ ಮಚ್ಚೆಗಳಾದವು. 2013ರ ಜುಲೈನಲ್ಲಿ ಕಾನೆಬೊ ಕಂಪನಿ ಆ ಉತ್ಪನ್ನಗಳನ್ನು ಹಿಂಪಡೆಯಿತು.

ಭಾರತದಲ್ಲಿ ತೊಡಕು ಬೇರೆ ಬಗೆಯದು. ಕ್ಲಿಗ್‌ಮನ್ ಸೂತ್ರದ ಮಾದರಿಯ ಸ್ಟೀರಾಯ್ಡ್ ಕ್ರೀಮುಗಳನ್ನು ಔಷಧ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚಿ, ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿಯುವ ಮುಖ ಹೊತ್ತು ಬರುವವರು ಚರ್ಮವೈದ್ಯರಿಗೆ ಹೊಸಬರಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಕಟ್ಟಳೆಗೆ ತಂದಿತು. ಯಾವ ಲೇಪ ಬರೆದರೂ ಜೊತೆಗೆ ಸನ್‌ಸ್ಕ್ರೀನ್ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುವುದರಿಂದ ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್‌ಗೆ ಈಚೆಗೆ ಒಲವು ಹೆಚ್ಚಿದೆ.